ಬೀಗರ ಊಟದ ಮರಿ

ಕಮತಗಿಗೆ ಬಂದು "ಮರಿ ಬಾಬಣ್ಣನ ಮನೆ ಎಲ್ಲಿ?" ಎಂದು ಯಾರನ್ನಾದರೂ ಕೇಳಿರಿ, ನಕ್ಕು ದಾರಿ ತೋರಿಸುತ್ತಾರೆ. ತಲೆಗೂದಲು ಬೆಳ್ಳಗಾಗುವ ತನಕ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಸೀರೆ ನೇಯ್ದವನು ನಾನು. ನಾನು ನೇಯ್ದ ಸೆರಗನ್ನು ತಲೆಯ ಮೇಲೆ ಹೊದ್ದ ಹೆಂಗಸರು ಇಳಕಲ್ಲಿನಿಂದ ಪುಣೆಯ ತನಕ ಇದ್ದಾರೆ. ಸೀರೆ ಬಾಬಣ್ಣ ಎಂದಿದ್ದರೆ ಈ ಊರಿನವರ ಗಂಟೇನಾದರೂ ಹೋಗುತ್ತಿತ್ತೇ? ಇಲ್ಲ. ಮರಿ ಬಾಬಣ್ಣನೇ ಆಗಬೇಕು. ಸರಿ, ಆ ಮರಿಯ ವಿಷಯದಲ್ಲಿ ಈ ಊರು ನನಗೆ ಮಾಡಿದ ಅನ್ಯಾಯವನ್ನು ಹೇಳುತ್ತೇನೆ. ಕೇಳಿದ ಮೇಲೆ ನಗುವವರು ನಗಲಿ.

ಇದಕ್ಕೆಲ್ಲ ಮೂಲ ನಮ್ಮ ಬೀಗತಿ ರತ್ನವ್ವ. ನಮ್ಮ ಒಬ್ಬಳೇ ಮಗಳು ಪ್ರೀತಿಯನ್ನು ಬಾದಾಮಿಗೆ ಕೊಟ್ಟೆವು. ವೈಶಾಖದಲ್ಲಿ ಮದುವೆ. ಮರುದಿನ ಖಂಡದ ಊಟ ಇಟ್ಟಿದ್ದೆ. ಕರೆದವರು ಬಂದರು, ಕರೆಯದವರೂ ಬಂದರು, ಬಂದವರು ತಮ್ಮ ಮನೆಗೆ ಬಂದ ನೆಂಟರನ್ನೂ ಕರೆತಂದರು. ರತ್ನವ್ವ ಮಾತ್ರ ಒಡವೆ ಹಾಕಿಕೊಳ್ಳುತ್ತ ಕೂತು ಕೊನೆಯ ಪಂಕ್ತಿಗೆ ಬಂದರು. ಅಷ್ಟು ಹೊತ್ತಿಗೆ ಪಾತ್ರೆಯಲ್ಲಿ ಉಳಿದದ್ದು ರಸ. ಅವರು ತಾಟಿನಲ್ಲಿ ಬೆರಳಾಡಿಸಿ ನೋಡಿದರು, ತಾಟನ್ನು ಒಂದು ಕಡೆಗೆ ವಾಲಿಸಿ ನೋಡಿದರು, ಆಮೇಲೆ ಮಂಟಪಕ್ಕೆಲ್ಲ ಕೇಳುವಂತೆ ಅಂದರು:

"ಬೀಗರ, ಕುರಿ ಈ ನೀರಾಗ ಈಜಿ ಆಚಿ ದಂಡಿಗೆ ಹೋತೇನ್ರಿ?"

ಇಡೀ ಪಂಕ್ತಿ ನಕ್ಕಿತು. ನನ್ನ ಕಡೆಯವರೇ ಹೆಚ್ಚು ನಕ್ಕರು. ಅಷ್ಟಕ್ಕೇ ಮುಗಿದಿದ್ದರೆ ನಾನು ಮರೆಯುತ್ತಿದ್ದೆ. ಆದರೆ ಆ ಮಾತು ನನ್ನ ಮಗಳ ಜೊತೆಗೇ ಬಾದಾಮಿಗೆ ಹೋಯಿತು. ಆ ವರ್ಷ ನಮ್ಮ ಓಣಿಯ ಗುರುಸಿದ್ದವ್ವನ ಕಿರಾಣಿ ಅಂಗಡಿಗೆ ಹೊಸದಾಗಿ ಕಾಯಿನ್ ಬಾಕ್ಸ್ ಫೋನು ಬಂದಿತ್ತು. ಅದಕ್ಕೆ ಪ್ರೀತಿ ಫೋನು ಮಾಡುತ್ತಿದ್ದಳು.

"ಯಪ್ಪಾ, ಇವತ್ತ ಎಮ್ಮಿಗೆ ನೀರ ಇಡಾಕ ಹ್ವಾದ್ರ ಅತ್ತಿ ಏನಂದ್ರು ಗೊತ್ತೈತೇನು? 'ನೋಡವಾ, ಬಾನ್ಯಾಗ ನಿಮ್ಮಪ್ಪನ ಕುರಿ ಈಜಾಕತ್ತಿರಬೇಕು' ಅಂದ್ರು."

ಹೇಳಿ ನಕ್ಕಳು. ಆದರೆ ಮಗಳ ನಗು ಯಾವುದು, ನಗುವಿನಂತೆ ಕೇಳುವ ಇನ್ನೊಂದು ಯಾವುದು ಎಂದು ತಂದೆಗೆ ಗೊತ್ತಾಗದೇ ಇರುತ್ತದೆಯೇ? ಬೀಗರ ಊಟ ಇನ್ನೂ ಬಾಕಿ ಇತ್ತು, ದಸರೆ ಮುಗಿದ ಮೇಲೆ ಮಾಡುವುದೆಂದು ಮಾತಾಗಿತ್ತು. ಅಲ್ಲಿಯೇ, ಗುರುಸಿದ್ದವ್ವನ ಅಂಗಡಿಯ ಕಟ್ಟೆಯ ಮೇಲೆ, ನಾನು ಬಾದಾಮಿಗೆ ತಿರುಗಿ ಫೋನು ಹಚ್ಚಿ ಬೀಗತಿಯನ್ನೇ ಕರೆಸಿ ಹೇಳಿದೆ: "ರತ್ನವ್ವಾರ, ಬೀಗರ ಊಟಕ್ಕ ಸಂತಿ ಕುರಿ ತರೂದಿಲ್ಲ. ನಾನ ಮರಿ ಸಾಕಿ, ನಾನ ಮೇಯಿಸಿ, ನಿಮಗ ಹಾಕತೇನಿ."

"ಮಗ್ಗದಾಗ ನೇಯತೀರೇನ್ರಿ ಮರಿ?" ಎಂದು ಕೇಳಿ ಅವರು ಫೋನು ಇಟ್ಟರು.

ನಾನು ಯಾವ ಕೆಲಸವನ್ನೂ ಪದ್ಧತಿ ಬಿಟ್ಟು ಮಾಡುವವನಲ್ಲ. ಬಾಗಲಕೋಟೆಯಲ್ಲಿ ಕುರಿ ಸಾಕುವವರಿಗೆ ಒಂದು ದಿನದ ಶಿಬಿರ ನಡೆದಿತ್ತು, ಹೋಗಿ ಮುಂದಿನ ಕುರ್ಚಿಯಲ್ಲೇ ಕೂತೆ. ಒಂದು ಟೊಪ್ಪಿಗೆ ಕೊಟ್ಟರು, ಊಟ ಹಾಕಿದರು, ಅದರ ನಡುವೆ ವಿದ್ಯೆಯನ್ನೂ ಕೊಟ್ಟರು. ಮರಿಗೆ ಮೊದಲು ಜಂತಿನ ಔಷಧ. ಬೆಳಿಗ್ಗೆ ಶೇಂಗಾ ಹೊಟ್ಟು, ಮಧ್ಯಾಹ್ನ ಹಸಿ ಸೊಪ್ಪು, ಸಂಜೆಗೆ ಗೋವಿನಜೋಳದ ನುಚ್ಚಿಗೆ ಹತ್ತಿಕಾಳಿನ ಹಿಂಡಿ ಕಲಸಿ, ಚಿಟಿಕೆ ಉಪ್ಪು ಹಾಕಿ ಕೊಡಬೇಕು. ನುಚ್ಚನ್ನು ಮಾತ್ರ ವಾರಕ್ಕೊಂದು ಹಿಡಿಯಂತೆ ಏರಿಸಬೇಕು, ಒಮ್ಮೆಲೇ ಏರಿಸಿದರೆ ಹೊಟ್ಟೆ ಕೆಡುತ್ತದೆ. ಅಲ್ಲಿನ ಡಾಕ್ಟರು ಇದನ್ನು ಬಾರಿಬಾರಿಗೂ ಹೇಳಿದರು. ಹೇಳುವಾಗ ನನ್ನ ಕಡೆಗೇ ಏಕೆ ನೋಡುತ್ತಿದ್ದರೋ ತಿಳಿಯದು.

ಕೆರೂರ ಸಂತೆಗೆ ಹೋಗಿ ಬಿಳಿಯ ಗಂಡುಮರಿಯೊಂದನ್ನು ತಂದೆ. ನನ್ನ ಹೆಂಡತಿ ಮಹಾನಂದಾ ಬಾಗಿಲಲ್ಲಿಯೇ ನಿಂತು, "ಲಾಳಿ ಹಿಡಿಯೂ ಕೈಯಾಗ ಕುರಿ ಹಗ್ಗ ಯಾಕ ಬಂತರಿ?" ಎಂದಳು. ಉತ್ತರ ಕೊಡದೆ ಟೊಪ್ಪಿಗೆ ಹಾಕಿಕೊಂಡೆ.

ಮರಿ ಜಾಣ ಇತ್ತು. ಬಂದ ದಿನವೇ ಮಗ್ಗದ ಕುಣಿಯಲ್ಲಿ ಬಿದ್ದು, ಎದ್ದು, ಹಾಸಿನ ನೂಲಿಗೆ ಹಚ್ಚಲು ಕಾಯಿಸಿಟ್ಟಿದ್ದ ಗಂಜಿಯನ್ನು ಕುಡಿದು ಮುಗಿಸಿತು. ಗಂಜಿ ಹತ್ತಿದ ನೂಲನ್ನೂ ನೆಕ್ಕಿತು. ನಾನು ಬಯ್ಯಲಿಲ್ಲ. ಪ್ರತಿ ಭಾನುವಾರ ಹಳೆಯ ಸೀರೆಯೊಂದರಲ್ಲಿ ಅದನ್ನು ಜೋಳಿಗೆ ಕಟ್ಟಿ ನೂಲು ತೂಗುವ ತಕ್ಕಡಿಗೆ ಏರಿಸುತ್ತಿದ್ದೆ. ಓಣಿಯವರೆಲ್ಲ ನೋಡಲು ಬರುತ್ತಿದ್ದರು. ತೂಕ ಏರುತ್ತಿತ್ತು. ಏರಿದ್ದನ್ನು ನಾನು ಬಾದಾಮಿಗೆ ಫೋನು ಮಾಡಿ ತಿಳಿಸುತ್ತಿದ್ದೆ. ಪ್ರತಿ ಸಲವೂ ರತ್ನವ್ವ, "ಅದರಾಗ ತುಪ್ಪಳ ಎಷ್ಟ, ಮರಿ ಎಷ್ಟರಿ?" ಎಂದು ಕೇಳುತ್ತಿದ್ದರು.

ಒಂದು ದಿನ ಈ ಮಾತು ಕೇಳಿ ತಲೆ ಕೆಟ್ಟು ಬಂದು, ಅಂದಿನ ಸಂಜೆ ನುಚ್ಚನ್ನು ಸ್ವಲ್ಪ ಕೈ ಬಿಟ್ಟು ಹಾಕಿದೆ. ಸ್ವಲ್ಪ ಅಂದರೆ ಒಂದು ಬೋಗುಣಿ. ಅದು ಮುಖ್ಯವಲ್ಲ. ಮುಖ್ಯವಾದದ್ದು ಏನೆಂದರೆ, ಅದೇ ಹೊತ್ತಿಗೆ ಗುರುಸಿದ್ದವ್ವ ಬಾಗಿಲಲ್ಲಿ ನಿಂತು, "ಅಯ್ಯ ಶಿವನ! ಏನ್ ಮೈ ಹಿಡದೈತ್ರಿ ಬಾಬಣ್ಣ! ಮರಿ ಐತೋ ಎಮ್ಮಿ ಕರಾ ಐತೋ!" ಎಂದು ಬಾಯಿ ತೆರೆದಳು. ಮರುದಿನ ಮರಿ ಕಿವಿ ಜೋತು ಬಿಟ್ಟು, ಮೇವು ಮೂಸದೆ ನಿಂತಿತು. ದೃಷ್ಟಿ ಯಾರದೆಂದು ಬೇರೆ ಹೇಳಬೇಕೇ?

ಮಹಾನಂದಾ ಓಡಿ ಹೋಗಿ ಸತ್ಯವ್ವನನ್ನು ಕರೆತಂದಳು. ಸತ್ಯವ್ವ ಎಂದರೆ ಬೀರಪ್ಪನ ಗುಡಿಯ ಪೂಜಾರಿ ಹುಲ್ಲಪ್ಪನ ತಾಯಿ. ಕುರಿಗಳ ನಡುವೆಯೇ ಮುದುಕಿಯಾದವಳು. ಅವಳು ಸೆರಗಿನ ಗಂಟು ಬಿಚ್ಚಿ ಬೀರಪ್ಪನ ಭಂಡಾರದ ಅರಿಷಿಣ ತೆಗೆದಳು. ಹಣೆಗೆ ಒಂದು ಬೊಟ್ಟು ಇಟ್ಟಿದ್ದರೆ ಸಾಕಾಗಿತ್ತು. ಮುದುಕಿಯ ಕೈ ದೊಡ್ಡದು, ಹಣೆಯಿಂದ ಬಾಲದವರೆಗೆ ಹಳದಿ ಬಳಿದಳು. ಕೊರಳಿಗೆ ಕರಿ ಉಣ್ಣೆಯ ದಾರ ಕಟ್ಟಿದಳು. ಕಣ್ಣು ಮುಚ್ಚಿ ಏನೋ ಗೊಣಗಿದಳು. "ಈ ದಾರದ ಮ್ಯಾಲ ಹಗ್ಗ ಹಾಕಬ್ಯಾಡ್ರಿ ಮತ್ತ" ಎಂದು ಹೇಳಿ, ಚಹ ಕುಡಿದು ಹೋದಳು.

ಮರಿ ಎರಡು ದಿನದಲ್ಲಿ ಚೇತರಿಸಿಕೊಂಡಿತು. ನಾನು ನೇಯ್ದ ಸೀರೆಗಳನ್ನು ಕೊಡಲು ಇಳಕಲ್ಲಿಗೆ ಹೋದೆ. ಹಗ್ಗವಿಲ್ಲದ ಮರಿ ಬಜಾರಿಗೆ ಹೋಯಿತು.

ಸಂಜೆ ಬಸ್ಸಿನಿಂದ ಇಳಿದು ನೋಡುತ್ತೇನೆ, ಚಹದಂಗಡಿಯ ಮುಂದೆ ಜನ ನೆರೆದಿದ್ದಾರೆ. ನಡುವೆ ನನ್ನ ಮರಿ. ಒಬ್ಬ ಮಿರ್ಚಿ ಭಜಿ ತಿನ್ನಿಸುತ್ತಿದ್ದಾನೆ, ಒಬ್ಬ ಬಾಳೆಹಣ್ಣು ಹಿಡಿದಿದ್ದಾನೆ, ಗುರುಸಿದ್ದವ್ವ ಬೆಲ್ಲದ ಹೆಂಟೆ ಮುಂದಿಟ್ಟು ಕೈ ಮುಗಿದಿದ್ದಾಳೆ. ಗುರುಸಿದ್ದವ್ವ! ವಾರಕ್ಕೊಮ್ಮೆ ನನ್ನ ತಕ್ಕಡಿಯ ಮುಂದೆ ನಿಂತು ನೋಡಿದವಳು!

"ಭಜಿ ತಿನ್ನಸಬ್ಯಾಡ್ರಲೇ! ಹೊಟ್ಟಿ ಕೆಡತೈತಿ!" ಎಂದು ಕೂಗುತ್ತ ಹೋಗಿ ಮರಿಯ ಕಿವಿ ಹಿಡಿದೆ. ಜನ ಹಾವು ಕಂಡವರಂತೆ ಹಿಂದೆ ಸರಿದರು.

"ಬಾಬಣ್ಣ, ಕಿವಿ ಬಿಡ್ರಿ! ದೇವರ ಮರಿ ಅದು!"

"ಯಾವ ದೇವರ ಮರಿ? ನನ್ನ ಮರಿ! ಗುರುಸಿದ್ದವ್ವಾ, ನೀ ವಾರಾ ವಾರಾ ನೋಡಿಲ್ಲೇನವಾ ನನ್ನ ಮನ್ಯಾಗ?"

"ನೋಡೇನಿ ಬಿಡ್ರಿ," ಎಂದಳು ಗುರುಸಿದ್ದವ್ವ, ಕಣ್ಣೊರೆಸಿಕೊಂಡು. "ಎಷ್ಟ ದೊಡ್ಡ ಮನಸರಿ ನಿಮ್ಮದು! ಅಷ್ಟ ಜ್ವಾಕಿ ಮಾಡಿ ಸಾಕಿದ ಮರಿ, ಬೀರಪ್ಪಗ ಬಿಟ್ಟಬಿಟ್ರಿ!"

ಆಗ ನನಗೆ ತಿಳಿಯಿತು. ಮೈತುಂಬ ಭಂಡಾರ, ಕೊರಳಲ್ಲಿ ಉಣ್ಣೆಯ ದಾರ, ಹಗ್ಗವಿಲ್ಲದೆ ತಿರುಗಾಟ. ನಮ್ಮ ಕಡೆ ದೇವರಿಗೆ ಬಿಟ್ಟ ಮರಿಯ ಗುರುತು ಇದೇ. ಅದನ್ನು ಯಾರೂ ಕಟ್ಟುವ ಹಾಗಿಲ್ಲ, ಮಾರುವ ಹಾಗಿಲ್ಲ, ಬೈಯುವ ಹಾಗಿಲ್ಲ. ಅದು ಬಾಗಿಲಿಗೆ ಬಂದರೆ ತಿನ್ನಲು ಕೊಡಬೇಕು.

"ದೇವರಿಗೆ ಬಿಟ್ಟಿಲ್ಲ! ಬೀಗರ ಊಟಕ್ಕ ಕಡಿಯಾಕ ಸಾಕೇನಿ!" ಎಂದು ನಾನು ಕಿರುಚಿದೆ. ಭಜಿ ಹಿಡಿದಿದ್ದವನು ಎರಡೂ ಕಿವಿ ಮುಚ್ಚಿಕೊಂಡ. ಒಬ್ಬ ಮುದುಕ, "ಬೀಗರ ಬಾಯಿ ರುಚಿಗೆ ದೇವರ ಬಾಯಾಗಿಂದ ಕಸಗೊಂತಾನ ನೋಡ್ರೆಪಾ" ಎಂದ.

ಮರುದಿನ ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂತರು. ನಾನು ಹುಲ್ಲಪ್ಪನನ್ನು ನಂಬಿದ್ದೆ. ಚಿಕ್ಕಂದಿನಿಂದ ಜೊತೆಗೆ ಆಡಿದವನು.

"ಲೇ ಹುಲ್ಲಪ್ಪ, ನಿಮ್ಮವ್ವ ದೃಷ್ಟಿಗೆ ಭಂಡಾರ ಹಚ್ಯಾಳೋ, ದೇವರಿಗೆ ಬಿಡಾಕ ಹಚ್ಯಾಳೋ, ಹೇಳಿಬಿಡು."

"ನಾ ಹೆಂಗ ಹೇಳಲಿ? ಹಚ್ಚೂ ಮುಂದ ಬಾಯಾಗ ಏನ ಅಂದಾಳ ಅನ್ನೂದರ ಮ್ಯಾಲ ಐತಿ ಅದು," ಎಂದ ಹುಲ್ಲಪ್ಪ. ಗೆಳೆಯನಾಗಿ ಬಂದವನು ಕಟ್ಟೆಯ ಮೇಲೆ ಕೂತೊಡನೆ ಪೂಜಾರಿಯಾಗಿದ್ದ.

ಸತ್ಯವ್ವನನ್ನು ಕರೆಸಿದರು. "ಏನಂದಿ ಬೇ ಯವ್ವಾ?" ಎಂದು ಕೇಳಿದ ಹುಲ್ಲಪ್ಪ.

ಮುದುಕಿ ನೆನಪು ಮಾಡಿಕೊಂಡಳು. "ಏನಂತೀನಪಾ? 'ಬೀರಪ್ಪಾ, ಇನ್ನ ಈ ಮರಿ ನಿಂದು, ನೀನ ಕಾಯಿ' ಅಂದೆ."

ಕಟ್ಟೆಯ ಮೇಲಿದ್ದವರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ತೀರ್ಪು ಆದಂತಾಯಿತು.

"ಇದ್ಯಾವ ನ್ಯಾಯರಿ?" ನಾನು ಎದ್ದು ನಿಂತೆ. "ಇಳಕಲ್ಲಿಗೆ ಹೋಗೂ ಮುಂದ ನಾ ಪ್ರತಿ ಸಲ ಹುಲ್ಲಪ್ಪಗ ಹೇಳತೇನಿ, 'ಮನಿ ನಿಂದು, ನೋಡಕೋತ ಇರು' ಅಂತ. ಹಂಗಂತ ನನ್ನ ಮನಿ ಅವಂದಾತೇನು?"

ಹಿರಿಯರು ವಿಚಾರ ಮಾಡಿದರು. ಕೊನೆಗೆ ಒಬ್ಬರು ಗಂಭೀರವಾಗಿ ಕೇಳಿದರು: "ಹಂಗ ಹೇಳೂ ಮುಂದ ಭಂಡಾರ ಹಚ್ಚಿದ್ದೇನು?"

ಇಂಥವರ ಜೊತೆ ಏನು ಮಾತಾಡುವುದು? ನೆಟ್ಟಗೆ ಪೊಲೀಸ್ ಠಾಣೆಗೆ ಹೋದೆ. ಪೇದೆ ಕೂತಿದ್ದ. ಮರಿ ಹೋಗಿದೆ ಎಂದೆ. ಕಾಗದ ತೆಗೆದ. ಯಾರ ಹತ್ತಿರ ಇದೆ ಎಂದು ಕೇಳಿದ. ಬಜಾರಿನಲ್ಲಿ ತಾನೇ ತಿರುಗುತ್ತಿದೆ ಎಂದೆ. ಯಾರು ಒಯ್ದರು ಎಂದು ಕೇಳಿದ. ವಿಷಯವನ್ನೆಲ್ಲ ಹೇಳಿದೆ. ಅವನು ಪೆನ್ನಿನ ಟೊಪ್ಪಿಗೆ ಹಾಕಿ ಜೇಬಿನಲ್ಲಿಟ್ಟುಕೊಂಡ.

"ಅಂದ್ರ ಕಂಪ್ಲೇಂಟ್ ಬೀರಪ್ಪನ ಮ್ಯಾಲೇನ್ರಿ? ತಂದೆ ಹೆಸರ ಏನಂತ ಬರೀಲಿ?" ಎಂದು ಕೇಳಿದ. ಆಮೇಲೆ ಎದ್ದು ನಿಂತು, "ಓ! ಆ ಹಳದಿ ಮರಿ ನಿಮ್ಮದನ್ರಿ? ಮುಂಜಾನೆ ಠಾಣೆಗೂ ಬಂದಿತ್ತರಿ. ನಾನ ಎರಡ ಇಡ್ಲಿ ಹಾಕಿದೆ" ಎಂದು ನನಗೇ ಕೈ ಮುಗಿದ.

ಶ್ರಾವಣ ಬಂತು. ಊರಿನಲ್ಲಿ ಯಾರೂ ಖಂಡ ತಿನ್ನುವುದಿಲ್ಲ, ಆದ್ದರಿಂದ ಎಲ್ಲರಿಗೂ ಭಕ್ತಿ ಹೆಚ್ಚು. ಮರಿಗೆ ಹೋದಲ್ಲೆಲ್ಲ ಹೋಳಿಗೆ, ಅನ್ನ, ಉಂಡೆ. ನಾನು ಟೊಪ್ಪಿಗೆ ಹಾಕಿಕೊಂಡು, ಶೇಂಗಾ ಹೊಟ್ಟಿನ ಬುಟ್ಟಿ ಹಿಡಿದು ಅದರ ಹಿಂದೆ ಓಡಾಡುತ್ತಿದ್ದೆ. "ಹೋಳಿಗಿ ಹಾಕಬ್ಯಾಡ್ರಿ, ಅನ್ನ ಹಾಕಬ್ಯಾಡ್ರಿ, ಮೆಲಕ ಹಾಕೂ ಪ್ರಾಣಿರಿ ಅದು" ಎಂದು ಬೇಡಿಕೊಳ್ಳುತ್ತಿದ್ದೆ. "ದೇವರ ಹೊಟ್ಟಿಗೆ ಏನಾಗತೈತಿ ಬಿಡ್ರಿ" ಎಂದು ಇನ್ನೊಂದು ಹೋಳಿಗೆ ಹಾಕುತ್ತಿದ್ದರು. ಮರಿಯೂ ನನ್ನ ಹೊಟ್ಟನ್ನು ಮೂಸಿ ಮುಖ ತಿರುವುತ್ತಿತ್ತು. ಮಗ್ಗ ನಿಂತಿತ್ತು. ಮಹಾನಂದಾ ನನ್ನ ಜೊತೆ ಮಾತು ಬಿಟ್ಟಿದ್ದಳು.

ಗಣಪತಿ ಹಬ್ಬದ ದಿನ ಊರ ಕಡುಬೆಲ್ಲ ಮರಿಯ ಹೊಟ್ಟೆ ಸೇರಿತು. ಮರುದಿನ ಎಡ ಪಕ್ಕೆ ಡೊಳ್ಳಿನಂತೆ ಉಬ್ಬಿ, ಮರಿ ಬಂದು ಸರಿಯಾಗಿ ನನ್ನ ಬಾಗಿಲ ಮುಂದೆ ಬಿತ್ತು. ಆಗ ನೋಡಬೇಕಿತ್ತು ಈ ಊರನ್ನು!

"ಬಾಬಣ್ಣಾ! ಹೊರಗ ಬರ್ರಿ! ನಿಮ್ಮ ಮರಿ ಬಿದ್ದೈತಿ!"

ನಿಮ್ಮ ಮರಿ! ಕೇಳಿದಿರಾ? ತಿನ್ನುವ ತನಕ ದೇವರದು, ಬಿದ್ದ ಮೇಲೆ ಬಾಬಣ್ಣನದು! ಕಡುಬು ತಿನ್ನಿಸಿದವರೆಲ್ಲ ಅಲ್ಲಿಯೇ ಸುತ್ತ ನಿಂತಿದ್ದರು. ಪಶು ದವಾಖಾನೆಯ ಡಾಕ್ಟರು ಬಂದರು, ಶಿಬಿರದಲ್ಲಿ ಪಾಠ ಹೇಳಿದವರೇ. ಹೊಟ್ಟೆ ಬಡಿದು ನೋಡಿ, ನನ್ನ ತಲೆಯ ಮೇಲಿನ ಟೊಪ್ಪಿಗೆ ನೋಡಿ ಕೆರಳಿದರು.

"ಶಿಬಿರಕ್ಕ ಬಂದಿದ್ದಿರಲ್ರಿ ನೀವು? ಮುಂದಿನ ಕುರ್ಚಿಯಾಗ ಕುಂತಿದ್ರಿ! ಕುರಿಗೆ ಕಡುಬ ತಿನ್ನಸಂತ ನಾ ಹೇಳಿದ್ನೇನ್ರಿ?"

ನನ್ನ ಹಿಂದೆ ನಿಂತ ಊರೂ ಡಾಕ್ಟರ ಮಾತಿಗೆ ತಲೆ ಹಾಕಿತು. ಗುರುಸಿದ್ದವ್ವ, "ನಾವೂ ಹೇಳಿದ್ವಿರಿ, ಕೇಳೂದಿಲ್ಲ" ಎಂದಳು.

ಔಷಧ ಕುಡಿಸಿದೆವು. ನಾನು ಮರಿಯ ಮುಂಗಾಲನ್ನು ಮಗ್ಗದ ಕಟ್ಟೆಯ ಮೇಲೆ ಎತ್ತರಕ್ಕಿಟ್ಟು, ಪಕ್ಕೆ ತಿಕ್ಕುತ್ತ ಕೂತೆ. ಡಾಕ್ಟರು ಹೇಳಿದ್ದಷ್ಟೇ ಒಣ ಹೊಟ್ಟು, ಉಗುರುಬೆಚ್ಚನೆ ನೀರು. ಮರಿ ಕಣ್ಣು ಮೇಲೆ ಮಾಡಿದಾಗ ನನಗೆ ಬೀಗರ ಊಟ ನೆನಪಾಗಲಿಲ್ಲ, ರತ್ನವ್ವ ನೆನಪಾಗಲಿಲ್ಲ. ಅದು ಬದುಕಿದರೆ ಸಾಕು ಅನ್ನಿಸಿತು, ಅಷ್ಟೇ. ಅದು ಎದ್ದು ನಿಂತು ಮೆಲುಕು ಹಾಕತೊಡಗಿದಾಗ ನಾನು ಅತ್ತೆ. ಕಡಿಯಲು ತಂದ ಮರಿ ಬದುಕಿತೆಂದು ಅಳುವ ಗಂಡಸನ್ನು ಮಹಾನಂದಾ ಬಹಳ ಹೊತ್ತು ನೋಡಿದಳು. ಆಮೇಲೆ ಚಹ ತಂದುಕೊಟ್ಟಳು.

ಹುಲ್ಲಪ್ಪ ಬಂದ. ಈಗಲಾದರೂ ಮರಿಯನ್ನು ನನಗೆ ಬಿಡುತ್ತಾರೆ ಎಂದುಕೊಂಡೆ.

"ದೇವರು ತನ್ನ ಮರೀನ ತಾನ ಉಳಿಸಿಕೊಂಡ," ಎಂದ ಹುಲ್ಲಪ್ಪ. "ಇನ್ನ ಮ್ಯಾಲ ಊರಾಗ ಯಾರೂ ಏನೂ ತಿನ್ನಸಬಾರದು ಅಂತ ಡಂಗುರ ಹೊಡಸೇವಿ. ನಿನ್ನ ಪದ್ಧತಿ ಪ್ರಕಾರ ನೀನ ಮೇಯಿಸು. ದಸರಾ ಮುಗದ ಮ್ಯಾಲ ಪರಿವಾರದ ಹೆಸರಲೆ ಬ್ಯಾಟಿ ಮಾಡೂಣು. ಊರಿಗೆಲ್ಲ ಊಟ."

ಬೀರಪ್ಪನಿಗೆ ಎಡೆ ಹೋಳಿಗೆಯದೇ. ಆದರೆ ದೇವರಿಗೆ ಬಿಟ್ಟ ಮರಿಯನ್ನು ಗುಡಿಯ ಆಚೆ, ಬೇವಿನ ಗಿಡದ ಕೆಳಗೆ, ಅವನ ಪರಿವಾರ ದೇವತೆಗಳ ಹೆಸರಿನಲ್ಲಿ ಕಡಿಯುವುದು ವಾಡಿಕೆ, ಅದೇ ಬ್ಯಾಟಿ. ಆ ಖಂಡವನ್ನು ಯಾರೂ ಮನೆಗೆ ಒಯ್ಯುವ ಹಾಗಿಲ್ಲ, ಬಂದವರೆಲ್ಲ ಅಲ್ಲಿಯೇ ಕೂತು ಉಣ್ಣಬೇಕು. ಅಂದರೆ ಕಡಿಯಬಾರದೆಂದು ನನಗೆ ಬುದ್ಧಿ ಹೇಳಿದವರೆಲ್ಲ ಬಾಯಲ್ಲಿ ನೀರು ತುಂಬಿಕೊಂಡೇ ಹೇಳುತ್ತಿದ್ದರು!

"ಅವತ್ತ ನನ್ನ ಬೀಗರ ಊಟ ಐತಲೇ!" ಎಂದೆ.

"ಕರಕೊಂಡ ಬಾ ಅವರನೂ. ದೇವರ ಊಟಕ್ಕ ಯಾರಿಗೂ ಬ್ಯಾಡ ಅನ್ನಂಗಿಲ್ಲ."

ಬೇರೆ ಕುರಿ ತರೋಣವೆಂದಳು ಮಹಾನಂದಾ. ಹೇಗೆ ತರಲಿ? ಸಾಕಿದ ಮರಿಯನ್ನೇ ಹಾಕುತ್ತೇನೆ ಎಂದು ಬಾದಾಮಿಗೆಲ್ಲ ಕೇಳುವಂತೆ ಹೇಳಿದ್ದೆ. ಹಾಗಾಗಿ ದೇವರ ಮರಿಗೆ ನನ್ನ ಮನೆಯ ನುಚ್ಚು, ನನ್ನ ಮನೆಯ ಹಿಂಡಿ. ವಾರಕ್ಕೊಂದು ಹಿಡಿ ಏರಿಸಿದೆ, ಒಂದು ಕಾಳು ಹೆಚ್ಚಲ್ಲ. ಬೆನ್ನಿನ ಮೇಲೆ ಕೈ ಇಟ್ಟರೆ ಎಲುಬು ಸಿಗದಂತಾಯಿತು. ಬ್ಯಾಟಿಯ ದಿನ ಹುಲ್ಲಪ್ಪ ಕರೆದೊಯ್ಯಲು ಬಂದಾಗ ಮರಿ ನನ್ನ ಅಂಗಿಯ ಜೇಬು ಮೂಸಿತು. ನಾನು ಒಳಗೆ ಹೋಗಿ ಸುಮ್ಮನೆ ಮಗ್ಗ ಬಡಿದೆ.

ಮಧ್ಯಾಹ್ನಕ್ಕೆ ಬರಬೇಕಿದ್ದ ಬೀಗರ ಟ್ರ್ಯಾಕ್ಸ್ ಗಾಡಿ ಚೊಳಚಗುಡ್ಡದಲ್ಲಿ ರತ್ನವ್ವನ ತಂಗಿಯನ್ನು ಹತ್ತಿಸಿಕೊಂಡು, ಅವಳ ಒಡವೆಗೆ ಕಾದು, ಬಿಸಿಲು ಇಳಿದ ಮೇಲೆ ಬಂತು. ಊರೆಲ್ಲ ಉಂಡು ಎಲೆ ಅಡಿಕೆ ಹಾಕಿಕೊಳ್ಳುತ್ತಿತ್ತು. ರತ್ನವ್ವ ಇಳಿದು ಕೂತದ್ದು ಮತ್ತೆ ಕೊನೆಯ ಪಂಕ್ತಿಯಲ್ಲಿ. ನೀರಿನ ತಂಬಿಗೆ ಹಿಡಿದು ನಿಂತ ಪ್ರೀತಿ ನನ್ನನ್ನೇ ನೋಡುತ್ತಿದ್ದಳು.

ದೇವರು ದೊಡ್ಡವನು, ಅವರ ತಾಟಿಗೆ ತುಂಬು ಸೌಟು ಬಿತ್ತು. ರತ್ನವ್ವ ಒಂದು ತುಂಡು ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ರೊಟ್ಟಿಯನ್ನು ಪಕ್ಕಕ್ಕಿಟ್ಟು ಬರೀ ಖಂಡವನ್ನೇ ತಿಂದರು. ಆಮೇಲೆ ತಲೆ ಎತ್ತಿ, "ಬೆಣ್ಣಿ ಆಗೇತ್ರಿ. ಯಾರರಿ ಈ ಮರಿ ಸಾಕಿದವರು?" ಎಂದು ಕೇಳಿದರು.

ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹುಲ್ಲಪ್ಪ, "ಊರ ಸಾಕೇತ್ರಿ. ದೇವರ ಮರಿ" ಎಂದ.

"ನಮ್ಮಂಗಡಿ ಬೆಲ್ಲದಾಗ ಬೆಳದದ್ದರಿ ಅದು," ಎಂದಳು ಗುರುಸಿದ್ದವ್ವ.

"ನನ್ನ ಭಜಿ ಏನ ಕಡಿಮಿ ತಿಂದೈತೇನು!" ಎಂದ ಚಹದಂಗಡಿಯವನು. ಪೇದೆ ತನ್ನ ಇಡ್ಲಿಯ ಕಥೆ ತೆಗೆದ.

ಠಣ್ಣೆಂದು ತಂಬಿಗೆ ಕೆಳಗಿಟ್ಟ ಸದ್ದಾಯಿತು.

"ನಮ್ಮಪ್ಪ ಸಾಕಿದ್ದರಿ ಅತ್ತಿ," ಎಂದಳು ಪ್ರೀತಿ. "ನಿಮ್ಮ ಸಲುವಾಗಿ ಸಾಕಿದ್ದು. ಮಗ್ಗ ಬಿಟ್ಟ ಇದರ ಬೆನ್ನ ಹತ್ತಿ ಅಡ್ಡಾಡ್ಯಾನ. ಇವರೆಲ್ಲ ಕಡುಬ ತಿನ್ನಿಸಿ ಕೆಡವಿದ ಮ್ಯಾಲ ತಿಕ್ಕಿ ತಿಕ್ಕಿ ಬದುಕಿಸಿದಾವ ನಮ್ಮಪ್ಪ. ಊರ ಸಾಕಿಲ್ಲ."

"ಅದೂ ಖರೆ ಬಿಡ್ರಿ" ಎಂದ ಹುಲ್ಲಪ್ಪ, ನೆಲ ನೋಡುತ್ತ.

ರತ್ನವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ತಾಟು ಮುಂದೆ ಚಾಚಿದರು. "ಹಂಗಾದ್ರ ಬೀಗರ, ಇನ್ನೊಂದ ಸೌಟ ಹಾಕಸ್ರಿ."

ಬಡಿಸುವವನು ಪಾತ್ರೆ ವಾಲಿಸಿದ. ಸೌಟು ತಳಕ್ಕೆ ಬಡಿದು ಸದ್ದು ಮಾಡಿತು. "ಮುಗೀತರಿ ಯವ್ವಾರ. ರಸ ಐತಿ."

ಪ್ರೀತಿ ಮತ್ತೆ ನನ್ನ ಕಡೆ ನೋಡಿದಳು. ಒಂದು ಊರು ಒಬ್ಬ ಮನುಷ್ಯನನ್ನು ಇದಕ್ಕಿಂತ ಹೆಚ್ಚು ಹೇಗೆ ತಿನ್ನಬಹುದು, ನೀವೇ ಹೇಳಿರಿ. ನನ್ನ ಕೈಯಲ್ಲಿ ಒಂದು ಬಟ್ಟಲು ಇತ್ತು. ಮೇಯಿಸಿದವನ ಪಾಲೆಂದು ಹುಲ್ಲಪ್ಪ ಮೊದಲೇ ತೆಗೆದಿಟ್ಟು ಕೊಟ್ಟಿದ್ದ. ಒಳ್ಳೆಯ ನಾಲ್ಕು ತುಂಡು, ಒಂದು ನಳಿಗೆ ಎಲುಬು. ಬೀಗರು ಉಂಡ ಮೇಲೆ ಉಣ್ಣೋಣವೆಂದು ಬೆರಳು ಅದ್ದಿರಲಿಲ್ಲ. ಬಗ್ಗಿ, ಅದನ್ನು ಪೂರ್ತಿ ರತ್ನವ್ವನ ತಾಟಿಗೆ ಬೋರಲು ಹಾಕಿದೆ.

ಅವರು ಬೇಡವೆನ್ನಲಿಲ್ಲ. ತುಂಡುಗಳನ್ನು ತಿಂದರು. ನಳಿಗೆಯನ್ನು ತಾಟಿಗೆ ಕುಟ್ಟಿ ಹೀರಿದರು. ಪಂಕ್ತಿಯೆಲ್ಲ ಅವರ ಬಾಯಿಯನ್ನೇ ನೋಡುತ್ತಿತ್ತು. ಕೊನೆಗೆ ಎಲುಬು ಕೆಳಗಿಟ್ಟು, ಸೊಸೆಯ ಕಡೆಗೆ ತಿರುಗಿ ಅಂದರು:

"ಈ ಕುರಿ ಈಜಲಿಲ್ಲ ನೋಡವಾ ಪ್ರೀತಿ. ನಿಮ್ಮಪ್ಪ ದಂಡಿಗೆ ಹಚ್ಚಿದ."

ಪ್ರೀತಿ ನಕ್ಕಳು. ಇದು ಮಾತ್ರ ನಗುವೇ ಆಗಿತ್ತು.

ಅದಾದ ಮೇಲೆ ಬಾದಾಮಿಯಲ್ಲಿ ಎಮ್ಮೆಗೆ ನೀರಿಟ್ಟರೆ ನನ್ನ ಮಗಳಿಗೆ ಯಾರೂ ಏನೂ ಅನ್ನುವುದಿಲ್ಲ. ಅಷ್ಟರ ಮಟ್ಟಿಗೆ ನನಗೆ ಸಂತೋಷ. ಆದರೆ ಈ ಊರಿನ ಮೇಲಿನ ಸಿಟ್ಟು ನನಗೆ ಹೋಗುವುದಿಲ್ಲ. ಇಂದಿಗೂ ಗುರುಸಿದ್ದವ್ವನ ಅಂಗಡಿಯ ಮುಂದೆ ಹೋದರೆ ಯಾರಾದರೂ ಕೈ ಹಿಡಿದು ನಿಲ್ಲಿಸುತ್ತಾರೆ. "ಬಾಬಣ್ಣ, ಅವತ್ತಿನ ಆ ಮರಿ ರುಚಿ ಏನರಿ! ಬೆಣ್ಣಿ, ಬೆಣ್ಣಿ!" ಎಂದು ತುಟಿ ಸವರಿಕೊಂಡು ನನಗೇ ವರ್ಣಿಸಿ ಹೇಳುತ್ತಾರೆ. ನಾನು ಹೌದ್ರಿ ಎನ್ನುತ್ತೇನೆ. ಅವತ್ತು ನಾನು ಉಂಡದ್ದು ರಸ, ರೊಟ್ಟಿ.